ಹೊಳೆಯುವ ಲಿಪಿಡ್‌ಗಳ ನೆರವಿನಿಂದ ಪೊರೆಯ ಮೇಲಿನ ಬಂಧನವನ್ನು ಗುರುತಿಸುವ ಕ್ರಮ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಕಾಲೇಜುಗಳಲ್ಲಿ ಜೀವರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಕಿರುಸಂಶೋಧನೆಗೆ ಕೈಹಾಕುವ ಹೊತ್ತಿಗೆ ಸಾಮಾನ್ಯವಾಗಿ ಬೇಸಿಗೆ ಕಾಲಿಟ್ಟಿರುತ್ತದೆ. ಪ್ರೋಟೀನೊಂದು ಪೊರೆಗೆ ಅಂಟಿಕೊಳ್ಳುತ್ತದೆಯೇ, ಅಂಟಿಕೊಂಡರೆ ಎಷ್ಟು ಬಿಗಿಯಾಗಿ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವವರಿಗೆ ದುಬಾರಿ ಉಪಕರಣಗಳು ಸಿಗುವುದು ಅಪರೂಪ. ಆದರೆ ಹೊಳಪನ್ನು ಅಳೆಯುವ ಒಂದು ಸಾಧಾರಣ ಫ್ಲೋರೊಮೀಟರ್ ಇದ್ದರೂ ಪ್ರತಿದೀಪ್ತ ಲಿಪಿಡ್‌ಗಳನ್ನು, ಅಂದರೆ ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಹೊಳೆಯುವಂತೆ ಮಾಡಿದ, ಪೊರೆಯನ್ನು ಕಟ್ಟುವ ಕೊಬ್ಬಿನ ಅಣುಗಳನ್ನು, ಬಳಸಿ ನಂಬಬಹುದಾದ ಉತ್ತರವನ್ನು ಪಡೆಯಬಹುದು. ಮೊದಲ ಬಾರಿಗೆ ಈ ಕೆಲಸ ಮಾಡುವವರು ಕಲಿಕೆಗೆಂದು ಇಟ್ಟುಕೊಳ್ಳಬಹುದಾದ ಒಂದು ಪ್ರಯೋಗವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ವಿವರಿಸಿದ್ದೇನೆ. ಕುದುರೆಯ ಹೃದಯದಿಂದ ತೆಗೆದ, ಧನಾವೇಶವುಳ್ಳ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಋಣ ವಿದ್ಯುದಾವೇಶವುಳ್ಳ ಲಿಪಿಡ್ ಪೊರೆಗೆ ಅಂಟಿಕೊಳ್ಳುವುದನ್ನು ಎನ್‌ಬಿಡಿ ಎಂಬ ಹೊಳೆಯುವ ಗುಂಪನ್ನು ಹೊತ್ತ ಲಿಪಿಡ್‌ನಿಂದ ಅಳೆಯುವುದೇ ಆ ಪ್ರಯೋಗ.

ಆರಂಭದಲ್ಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಫ್ಲೋರೊಮೀಟರ್ ತೋರಿಸುವುದು ಬೆಳಕಿನ ಏರಿಳಿತವನ್ನೇ ಹೊರತು ಬಂಧನವನ್ನಲ್ಲ. ದ್ರಾವಣ ತೆಳುವಾದರೂ ಬೆಳಕು ಇಳಿಯುತ್ತದೆ, ಬಣ್ಣದ ಪ್ರೋಟೀನು ಬೆಳಕನ್ನು ನುಂಗಿದರೂ ಇಳಿಯುತ್ತದೆ, ದೀಪ ಬಿಸಿಯಾಗುವ ಮುನ್ನ ಓದಿದರೆ ಏರುತ್ತಲೇ ಹೋಗುತ್ತದೆ. ಈ ಲೇಖನದ ಹೆಚ್ಚಿನ ಭಾಗ ಇಂತಹ ಸುಳ್ಳು ಸಾಕ್ಷಿಗಳನ್ನು ಒಂದೊಂದಾಗಿ ಹೊರಗಟ್ಟುವುದಕ್ಕೇ ಮೀಸಲಾಗಿದ್ದರೆ ಅದು ಉದ್ದೇಶಪೂರ್ವಕವೇ.

ಹೊಳಪು ಏಕೆ ಬದಲಾಗುತ್ತದೆ

ಒಂದು ಚಿಟಿಕೆ ಅರಿಶಿನವನ್ನು ಸ್ಪಿರಿಟ್‌ನಲ್ಲಿ ಕದಡಿ, ತಿಳಿಯನ್ನು ಬಸಿದು, ಅಂಗಡಿಗಳಲ್ಲಿ ನೋಟು ಪರೀಕ್ಷಿಸಲು ಇಟ್ಟಿರುವ ನೇರಳಾತೀತ ದೀಪದ ಕೆಳಗೆ ಹಿಡಿದರೆ ಅದು ಹಸಿರುಹಳದಿಯಾಗಿ ಹೊಳೆಯುತ್ತದೆ. ಅದಕ್ಕೆ ಬಹಳಷ್ಟು ನೀರು ಬೆರೆಸಿದರೆ ಹೊಳಪು ಕುಂದುತ್ತದೆ. ಅಣು ಅದೇ, ಸುತ್ತಲಿನ ಪರಿಸರ ಬೇರೆ. ಪೊರೆಗೆ ಪ್ರೋಟೀನು ಬಂದು ಕೂತಾಗ ಹೊಳೆಯುವ ಲಿಪಿಡ್‌ನ ಸುತ್ತಲಿನ ನೀರು, ವಿದ್ಯುದಾವೇಶ, ನೆರೆಹೊರೆಯ ಲಿಪಿಡ್‌ಗಳ ಜೋಡಣೆ ಇವೆಲ್ಲ ಬದಲಾಗುವುದರಿಂದ ಬೆಳಕಿನ ಪ್ರಮಾಣವೋ ಬಣ್ಣವೋ ಬದಲಾಗಬಹುದು. ಇದು ಮೊದಲನೆಯ ದಾರಿ.

ಎರಡನೆಯದು ಶಕ್ತಿ ವರ್ಗಾವಣೆಯ ದಾರಿ. ಹೊಳೆಯುವ ಅಣುವಿನ ಬಳಿಗೆ, ಅದು ಹೊರಸೂಸುವ ತರಂಗಾಂತರವನ್ನೇ ಹೀರಬಲ್ಲ ಇನ್ನೊಂದು ಅಣು ಬಂದರೆ, ಬೆಳಕಾಗಿ ಹೊರಬರಬೇಕಾಗಿದ್ದ ಶಕ್ತಿ ನೇರವಾಗಿ ಅದಕ್ಕೆ ಹೋಗಿಬಿಡುತ್ತದೆ. 1948ರಲ್ಲಿ ಥಿಯೊಡೋರ್ ಫೋರ್ಸ್ಟರ್ ಬಿಡಿಸಿ ತೋರಿಸಿದಂತೆ ಈ ವರ್ಗಾವಣೆ ದೂರದ ಆರನೆಯ ಘಾತದೊಂದಿಗೆ ಕುಸಿಯುತ್ತದೆ. ಅರ್ಧದಷ್ಟು ಶಕ್ತಿ ವರ್ಗಾವಣೆಯಾಗುವ ದೂರವನ್ನು ಮಾನದಂಡವಾಗಿ ಇಟ್ಟುಕೊಂಡರೆ, ಅದರ ಎರಡು ಪಟ್ಟು ದೂರದಲ್ಲಿ ವರ್ಗಾವಣೆ 65ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆ ಮಾನದಂಡ ಬಹುತೇಕ ಜೋಡಿಗಳಿಗೆ 2ರಿಂದ 6 ನ್ಯಾನೋಮೀಟರಿನಷ್ಟಿದ್ದು, ಪೊರೆಯ ದಪ್ಪ ಸುಮಾರು 4ರಿಂದ 5 ನ್ಯಾನೋಮೀಟರ್ ಆಗಿರುವುದರಿಂದ, ಪೊರೆಗೆ ತಾಗಿದ ಪ್ರೋಟೀನು ಮಾತ್ರ ಬೆಳಕನ್ನು ಗಣನೀಯವಾಗಿ ತಗ್ಗಿಸಬಲ್ಲದು. ದೂರದಲ್ಲಿ ತೇಲುತ್ತಿರುವುದು ತಗ್ಗಿಸಲಾರದು. ಸೈಟೋಕ್ರೋಮ್ ಸಿ ತನ್ನೊಳಗೆ ಹೀಮ್ ಎಂಬ ಕೆಂಪು ಗುಂಪನ್ನು ಹೊತ್ತಿದ್ದು, ಎನ್‌ಬಿಡಿ ಹೊರಸೂಸುವ 530 ನ್ಯಾನೋಮೀಟರಿನ ಸುತ್ತಲಿನ ಬೆಳಕನ್ನು ಹೀರುತ್ತದೆ. ಆದ್ದರಿಂದ ಪ್ರೋಟೀನಿಗೆ ಬೇರೆ ಗುರುತು ಹಚ್ಚುವ ಅಗತ್ಯವೇ ಇಲ್ಲ. ಕಲಿಯುವವರಿಗೆ ಇದನ್ನೇ ನಾನು ಸೂಚಿಸುವುದಕ್ಕೆ ಅದೊಂದು ಕಾರಣ. ಎನ್‌ಬಿಡಿಯನ್ನು 463 ನ್ಯಾನೋಮೀಟರಿನ ಬೆಳಕಿನಿಂದ ಪ್ರಚೋದಿಸುವುದರಿಂದ ಬೆಲೆಬಾಳುವ ಕ್ವಾರ್ಟ್ಜ್ ಕ್ಯೂವೆಟ್ (ದ್ರಾವಣವನ್ನು ತುಂಬಿ ಓದುವ ಚಿಕ್ಕ ಪಾತ್ರೆ) ಇಲ್ಲದೆ ಗಾಜಿನದರಲ್ಲೇ ಕೆಲಸ ನಡೆಯುತ್ತದೆ ಎಂಬುದು ಇನ್ನೊಂದು.

ಲಿಪಿಡ್‌ಗಳ ಆಯ್ಕೆ ಮತ್ತು ಕೊಳ್ಳುವಿಕೆ

ಪೊರೆಗೆ ಒಟ್ಟಾರೆ ಆವೇಶವಿಲ್ಲದ ಪಿಒಪಿಸಿ ಎಂಬ ಲಿಪಿಡ್ ಶೇಕಡಾ 69, ಋಣಾವೇಶದ ಪಿಒಪಿಜಿ ಶೇಕಡಾ 30, ಎನ್‌ಬಿಡಿ-ಪಿಇ (ಪಿಇ ಎಂಬ ಲಿಪಿಡ್ಡಿಗೆ ಎನ್‌ಬಿಡಿ ಹಚ್ಚಿದ್ದು) ಶೇಕಡಾ 1 ಎಂಬ ಮೋಲ್ ಅನುಪಾತ ಸಾಕು. ಎನ್‌ಬಿಡಿ ಗುಂಪು ಲಿಪಿಡ್‌ನ ನೀರಿನ ಕಡೆಗಿರುವ ತಲೆಗೆ ಅಂಟಿರುವ ಬಗೆಯನ್ನೇ ಕೇಳಿ ಪಡೆಯಬೇಕು. ಪೊರೆಯ ಒಳಕ್ಕೆ ಚಾಚಿರುವ ಬಾಲಕ್ಕೆ ಅಂಟಿಸಿದ್ದೂ ಮಾರುಕಟ್ಟೆಯಲ್ಲಿ ಇದೆ. ಆದರೆ ಬಾಲದಲ್ಲಿರುವ ಎನ್‌ಬಿಡಿ ಪೊರೆಯ ಒಡಲಲ್ಲಿ ನಿಲ್ಲದೆ ಮೇಲ್ಮೈಯ ಕಡೆಗೆ ಬಾಗಿ ಬರುವುದರಿಂದ ಅದು ಎಲ್ಲಿದೆ ಎಂದು ಖಚಿತವಾಗಿ ಹೇಳುವುದು ಕಷ್ಟ.

ಶೇಕಡಾ 1ಕ್ಕಿಂತ ಹೆಚ್ಚು ಹಾಕಿದರೆ ಹೊಳಪು ಹೆಚ್ಚುತ್ತದೆಂಬ ಆಸೆ ಸಹಜ. ಹಾಗೆ ಮಾಡಬಾರದು. ಎನ್‌ಬಿಡಿ ಅಣುಗಳು ಒತ್ತೊತ್ತಾಗಿ ಸೇರಿದರೆ ತಮ್ಮನ್ನು ತಾವೇ ನಂದಿಸಿಕೊಳ್ಳುತ್ತವೆ. ಅದಕ್ಕಿಂತ ಮುಖ್ಯವಾದದ್ದು ಹಲವರ ಗಮನಕ್ಕೆ ಬಾರದ ವಿಷಯ: ಪಿಇಯ ಅಮೀನಿಗೆ ಬಣ್ಣದ ಗುಂಪನ್ನು ಹಚ್ಚಿದಾಗ ಅಮೀನಿನ ಧನಾವೇಶ ಹೋಗಿ ಫಾಸ್ಫೇಟಿನ ಋಣಾವೇಶವಷ್ಟೇ ಉಳಿಯುತ್ತದೆ. ಅಂದರೆ ನಾವು ನೋಡುಗನೆಂದು ಕಳಿಸಿದ ಲಿಪಿಡ್ ತಾನೇ ಪ್ರೋಟೀನನ್ನು ಕರೆಯುವ ಆವೇಶವನ್ನು ಪೊರೆಗೆ ಸೇರಿಸುತ್ತದೆ. ಸಂದೇಹವಿದ್ದರೆ ಶೇಕಡಾ 0.5, 1, 2 ಹೀಗೆ ಮೂರು ಪ್ರಮಾಣಗಳಲ್ಲಿ ಪೊರೆ ತಯಾರಿಸಿ, ಮೂರರಲ್ಲೂ ಒಂದೇ ಉತ್ತರ ಬರುತ್ತದೆಯೇ ನೋಡಬೇಕು.

ಲಿಪಿಡ್‌ಗಳನ್ನು ಪುಡಿಯ ರೂಪದಲ್ಲಿ ತರಿಸಿಕೊಳ್ಳುವುದಕ್ಕಿಂತ ಕ್ಲೋರೋಫಾರ್ಮಿನಲ್ಲಿ ಕರಗಿಸಿದ, ಗಾಜಿನ ಆಂಪ್ಯೂಲಿನಲ್ಲಿ ಮುಚ್ಚಿದ ದ್ರಾವಣವಾಗಿಯೇ ತರಿಸುವುದು ಮೇಲು. ಪುಡಿ ತೇವವನ್ನು ಬೇಗ ಹೀರುತ್ತದೆ, ಅದರಲ್ಲೂ ಬೆಳಗಾವಿಯ ಮಳೆಗಾಲದಲ್ಲಿ ತೂಕ ಮಾಡುತ್ತಿರುವಾಗಲೇ ಅಂಕಿ ಏರುತ್ತಾ ಹೋಗುತ್ತದೆ. ಕ್ಲೋರೋಫಾರ್ಮಿಗೂ ಅದರದೇ ತಂಟೆ ಇದೆ. ಅದು 61 ಡಿಗ್ರಿಯಲ್ಲಿ ಕುದಿಯುವ ದ್ರವವಾದ್ದರಿಂದ, ಹೊರಗೆ 40 ಡಿಗ್ರಿ ದಾಟುವ ವಿಜಯಪುರದ ಮೇ ತಿಂಗಳಿನಲ್ಲಿ ಸೀಸೆಯ ಮುಚ್ಚಳ ತೆರೆದಿಟ್ಟು ಮಾತಿಗೆ ನಿಂತರೆ ದ್ರಾವಣ ಗಟ್ಟಿಯಾಗಿ ಲೆಕ್ಕವೆಲ್ಲ ತಪ್ಪುತ್ತದೆ. ಸೀಸೆಯನ್ನು ಮಂಜುಗಡ್ಡೆಯ ಮೇಲಿಟ್ಟುಕೊಂಡು, ಗಾಜಿನ ಸಿರಿಂಜಿನಿಂದ ಬೇಗ ಅಳೆದು, ಟೆಫ್ಲಾನ್ ಪದರವುಳ್ಳ ಮುಚ್ಚಳ ಹಾಕಿ, ಮೈನಸ್ 20 ಡಿಗ್ರಿಯಲ್ಲಿ ಕತ್ತಲೆಯಲ್ಲಿ ಇಡಬೇಕು. ಪ್ಲಾಸ್ಟಿಕ್ ಟಿಪ್‌ಗಳನ್ನು ಕ್ಲೋರೋಫಾರ್ಮಿಗೆ ತಾಗಿಸಲೇಬಾರದು; ಪ್ಲಾಸ್ಟಿಕ್ಕಿನ ಅಂಶ ಕರಗಿ ಪೊರೆಯೊಳಗೆ ಸೇರುತ್ತದೆ. ಉಳಿದ ಕ್ಲೋರೋಫಾರ್ಮನ್ನು ಸಿಂಕಿಗೆ ಸುರಿಯದೆ ಬೇರೆ ಸೀಸೆಯಲ್ಲಿ ಸಂಗ್ರಹಿಸಬೇಕು.

ಲೈಪೋಸೋಮ್ ತಯಾರಿಕೆ

ಲೈಪೋಸೋಮ್ ಎಂದರೆ ಲಿಪಿಡ್ ಪೊರೆಯಿಂದಾದ ಸೂಕ್ಷ್ಮ ಗುಳ್ಳೆ. ಮೊದಲ ಹೆಜ್ಜೆಯಾಗಿ, 1 ಮಿಲಿಲೀಟರಿನಲ್ಲಿ 5 ಮಿಲಿಮೋಲಾರ್ ಒಟ್ಟು ಲಿಪಿಡ್ ಇರುವಂತೆ ಲೆಕ್ಕ ಹಾಕಿ. ಅದಕ್ಕೆ ಪಿಒಪಿಸಿ ಸುಮಾರು 2.6 ಮಿಲಿಗ್ರಾಂ, ಪಿಒಪಿಜಿ ಸುಮಾರು 1.2 ಮಿಲಿಗ್ರಾಂ, ಎನ್‌ಬಿಡಿ-ಪಿಇ 0.05 ಮಿಲಿಗ್ರಾಂನಷ್ಟು ಬೇಕಾಗುತ್ತವೆ. ಮೂರನ್ನೂ ಚಿಕ್ಕ ಗುಂಡುತಳದ ಫ್ಲಾಸ್ಕಿನಲ್ಲಿ ಬೆರೆಸಿ, ನೈಟ್ರೋಜನ್ ಹರಿವಿನಡಿ ನಿಧಾನವಾಗಿ ತಿರುಗಿಸುತ್ತಾ ಒಣಗಿಸಿದರೆ ಗಾಜಿನ ಒಳಮೈಗೆ ತೆಳುವಾದ ಪದರ ಅಂಟುತ್ತದೆ. ಟೈರಿಗೆ ತುಂಬುವ ನೈಟ್ರೋಜನ್ ಈ ಕೆಲಸಕ್ಕೆ ಸಾಲದು. ಅದರಲ್ಲಿ ಉಳಿದಿರುವ ಆಮ್ಲಜನಕ ಲಿಪಿಡ್‌ಗಳನ್ನು ಕೆಡಿಸುತ್ತದೆ. ಬಳಿಕ ಕನಿಷ್ಠ 2 ಗಂಟೆ, ಸಾಧ್ಯವಾದರೆ ರಾತ್ರಿಯಿಡೀ, ನಿರ್ವಾತದಲ್ಲಿ ಇಟ್ಟು ಉಳಿದ ಕ್ಲೋರೋಫಾರ್ಮನ್ನೂ ತೆಗೆಯಬೇಕು.

ಮರುದಿನ 10 ಮಿಲಿಮೋಲಾರ್ ಹೆಪೀಸ್ ಬಫರನ್ನು, ಪಿಎಚ್ 7.4ಕ್ಕೆ ಹೊಂದಿಸಿ, ಉಪ್ಪು ಸೇರಿಸದೆ, 1 ಮಿಲಿಲೀಟರ್ ಹಾಕಿ ಚೆನ್ನಾಗಿ ಕುಲುಕಬೇಕು. ದ್ರಾವಣ ಹಾಲಿನಂತೆ ಮಬ್ಬಾಗುತ್ತದೆ. ಈ ಹಂತದಲ್ಲಿರುವುದು ಈರುಳ್ಳಿಯಂತೆ ಪದರದೊಳಗೆ ಪದರವಿರುವ ದೊಡ್ಡ ಗುಳ್ಳೆಗಳು. ಅವನ್ನು ಐದಾರು ಬಾರಿ ಹೆಪ್ಪುಗಟ್ಟಿಸಿ ಕರಗಿಸಿದ ಮೇಲೆ, ಎರಡು ಸಿರಿಂಜುಗಳ ಕೈ ಎಕ್ಸ್‌ಟ್ರೂಡರಿನಲ್ಲಿ 100 ನ್ಯಾನೋಮೀಟರ್ ರಂಧ್ರಗಳ ಪಾಲಿಕಾರ್ಬೊನೇಟ್ ಹಾಳೆಯ ಮೂಲಕ 21 ಬಾರಿ ಹಾಯಿಸಬೇಕು. ಸಂಖ್ಯೆ ಬೆಸವಾಗಿರಬೇಕು, ಏಕೆಂದರೆ ಹಾಯದೆ ಉಳಿದ ದೊಡ್ಡ ಗುಳ್ಳೆಗಳು ಮೊದಲ ಸಿರಿಂಜಿನಲ್ಲೇ ಉಳಿದು, ಶುದ್ಧವಾದ ದ್ರಾವಣ ಎದುರಿನ ಸಿರಿಂಜಿನಲ್ಲಿ ಕೊನೆಗೊಳ್ಳುತ್ತದೆ. ಹಾಲಿನಂತಿದ್ದುದು ಈಗ ಅರೆಪಾರದರ್ಶಕವಾಗಿ, ತುಸು ನೀಲಿ ಛಾಯೆಯಿಂದ ಕಾಣಬೇಕು.

ಎಕ್ಸ್‌ಟ್ರೂಡರಿನಲ್ಲಿ ಸ್ವಲ್ಪ ಲಿಪಿಡ್ ನಷ್ಟವಾಗುವುದು ಖಚಿತವಾದ್ದರಿಂದ ಉಳಿದಿದ್ದೆಷ್ಟು ಎಂದು ಅಳೆಯಲೇಬೇಕು. ಫೆರೋಥಯೋಸಯನೇಟ್ ಬಳಸುವ ಸ್ಟೀವರ್ಟ್ ವಿಧಾನ ಸುಲಭವಾದರೂ ಪಿಒಪಿಜಿಯಂತಹ ಪಿಜಿ ಲಿಪಿಡ್‌ಗೆ ಅದು ಸರಿಯಾಗಿ ಸ್ಪಂದಿಸುವುದಿಲ್ಲ. ಹಾಗಾಗಿ ಲಿಪಿಡ್ಡನ್ನು ಆಮ್ಲದಲ್ಲಿ ಜೀರ್ಣಿಸಿ ರಂಜಕವನ್ನು ಮಾಲಿಬ್ಡಿನಮ್ ನೀಲಿಯಾಗಿ ಅಳೆಯುವ ಹಳೆಯ ವಿಧಾನವೇ ಇಲ್ಲಿ ಸರಿ. ಪರ್ಕ್ಲೋರಿಕ್ ಆಮ್ಲವನ್ನು ಫ್ಯೂಮ್ ಹುಡ್‌ನಲ್ಲಿ, ಅನುಭವಿಗಳ ಎದುರಿನಲ್ಲಿ ಮಾತ್ರ ಬಿಸಿಮಾಡಬೇಕು. ಮೇಲೆ ಫಾಸ್ಫೇಟ್ ಬಫರಿನ ಬದಲು ಹೆಪೀಸ್ ಹೇಳಿದ್ದೂ ಹೀಗೆ ರಂಜಕವನ್ನು ಅಳೆಯಬೇಕಾದ್ದರಿಂದಲೇ.

ಪೊರೆ ಒಂದೇ ಪದರದ್ದೇ ಎಂಬ ಪರೀಕ್ಷೆಗೆ ಎನ್‌ಬಿಡಿಯೇ ನೆರವಾಗುತ್ತದೆ. ಸೋಡಿಯಂ ಡೈಥಯೊನೈಟ್ ಎನ್‌ಬಿಡಿಯ ಹೊಳಪನ್ನು ಶಾಶ್ವತವಾಗಿ ಅಳಿಸುತ್ತದೆ, ಆದರೆ ಪೊರೆಯನ್ನು ಸುಲಭವಾಗಿ ದಾಟದು. 1991ರಲ್ಲಿ ಮೆಕ್‌ಇಂಟೈರ್ ಮತ್ತು ಸ್ಲೈಟ್ ಈ ಗುಣವನ್ನು ಪೊರೆಯ ಎರಡು ಮಗ್ಗುಲುಗಳನ್ನು ಬೇರ್ಪಡಿಸಿ ನೋಡಲು ಬಳಸಿದರು. ಇಳಕಲ್ಲು, ಗುಳೇದಗುಡ್ಡದ ಕಡೆ ನೂಲಿಗೆ ಬಣ್ಣ ಹಾಕುವವರನ್ನು ಕೇಳಿದರೆ ಹೈಡ್ರೋಸ್ ಎಂದು ಅವರು ತೋರಿಸುವ ಬಿಳಿ ಪುಡಿ ಇದೇ ರಾಸಾಯನಿಕ. ನಮಗೆ ಬೇಕಾದದ್ದು ಪ್ರಯೋಗಾಲಯ ದರ್ಜೆಯದು, ಅದನ್ನೂ ಪಿಎಚ್ 10ರ ಬಫರಿನಲ್ಲಿ ಆಗಷ್ಟೇ ಕರಗಿಸಿರಬೇಕು. 100 ನ್ಯಾನೋಮೀಟರಿನ ಗುಳ್ಳೆಯಲ್ಲಿ ಸುಮಾರು 80,000 ಲಿಪಿಡ್‌ಗಳಿದ್ದು, ಅವುಗಳಲ್ಲಿ ಶೇಕಡಾ 55ರಷ್ಟು ಹೊರಮೈಯಲ್ಲಿರುತ್ತವೆ. ಆದ್ದರಿಂದ ಡೈಥಯೊನೈಟ್ ಹಾಕಿದಾಗ ಹೊಳಪು ಅರ್ಧಕ್ಕಿಂತ ತುಸು ಹೆಚ್ಚು ಇಳಿದು ನಿಲ್ಲಬೇಕು. ಇಪ್ಪತ್ತೋ ಮೂವತ್ತೋ ಶೇಕಡಾ ಇಳಿದು ನಿಂತರೆ ಒಳಗೆ ಇನ್ನೂ ಪದರಗಳಿವೆ. ಬೇಗನೆ ಪೂರ್ತಿ ಇಳಿದುಹೋದರೆ ಪೊರೆ ಸೋರುತ್ತಿದೆ.

ಅಳತೆ

ದೀಪವನ್ನು ಅರ್ಧ ಗಂಟೆ ಮೊದಲೇ ಹಚ್ಚಿಡಿ. ಕ್ಯೂವೆಟ್ ಹಿಡಿಕೆಗೆ ನೀರು ಹರಿಸುವ ಸ್ಥಿರೋಷ್ಣ ತೊಟ್ಟಿಯನ್ನು ಜೋಡಿಸಿ 25 ಡಿಗ್ರಿಗೆ ನಿಲ್ಲಿಸಿ. ಇದು ಐಷಾರಾಮಿಯಲ್ಲ, ಏಕೆಂದರೆ ಪ್ರತಿದೀಪ್ತಿ ಉಷ್ಣತೆಯೊಂದಿಗೆ ಬದಲಾಗುತ್ತದೆ. ಪಿಒಪಿಸಿಯ ಬದಲು ಡಿಎಂಪಿಸಿ ಎಂಬ ಲಿಪಿಡ್ ಬಳಸುವವರಿಗಂತೂ ಇದು ಇನ್ನೂ ಮುಖ್ಯ. ಡಿಎಂಪಿಸಿ ಪೊರೆ ಸುಮಾರು 24 ಡಿಗ್ರಿಯಲ್ಲಿ ಗಟ್ಟಿ ಸ್ಥಿತಿಯಿಂದ ದ್ರವ ಸ್ಥಿತಿಗೆ ಬದಲಾಗುವುದರಿಂದ, ಬೆಳಗಾವಿಯಲ್ಲಿ ಡಿಸೆಂಬರಿನ ಮುಂಜಾನೆ ಅಳೆದದ್ದು ಒಂದು ಪೊರೆ, ಅದೇ ದಿನ ಮಧ್ಯಾಹ್ನ ಅಳೆದದ್ದು ಇನ್ನೊಂದು ಪೊರೆ ಎನ್ನುವಂತಾಗುತ್ತದೆ. ಡಿಪಿಪಿಸಿ ಎಂಬ ಮತ್ತೊಂದು ಲಿಪಿಡ್ಡಿನ ಬದಲಾವಣೆಯ ಬಿಂದು 41 ಡಿಗ್ರಿ. ವಿಜಯಪುರದ ಬೇಸಿಗೆಯಲ್ಲಿ ಅದನ್ನೂ ನಂಬುವಂತಿಲ್ಲ.

ಕ್ಯೂವೆಟ್ಟಿನಲ್ಲಿ 2 ಮಿಲಿಲೀಟರ್ ಬಫರ್ ಹಾಕಿ, ಮೊದಲು ಬಫರನ್ನೇ ಓದಿ ಬರೆದಿಟ್ಟುಕೊಳ್ಳಿ. ಆಮೇಲೆ ಲೈಪೋಸೋಮ್ ದ್ರಾವಣವನ್ನು 20 ಮೈಕ್ರೋಲೀಟರ್ ಸೇರಿಸಿದರೆ ಒಟ್ಟು ಲಿಪಿಡ್ ಸುಮಾರು 50 ಮೈಕ್ರೋಮೋಲಾರ್ ಆಗುತ್ತದೆ. 463 ನ್ಯಾನೋಮೀಟರಿನಲ್ಲಿ ಪ್ರಚೋದಿಸಿ 480ರಿಂದ 600ರವರೆಗೆ ಒಮ್ಮೆ ಪೂರ್ಣ ವರ್ಣಪಟಲ ತೆಗೆದು, 530ರ ಸುತ್ತ ಶಿಖರ ಕಾಣುತ್ತದೆಯೇ ನೋಡಿ. ಅನಂತರ ಸೈಟೋಕ್ರೋಮ್ ಸಿಯನ್ನು 0.2 ಮೈಕ್ರೋಮೋಲಾರ್ ಹೆಜ್ಜೆಗಳಲ್ಲಿ 3 ಮೈಕ್ರೋಮೋಲಾರ್‌ವರೆಗೆ ಸೇರಿಸುತ್ತಾ, ಪ್ರತಿ ಬಾರಿಯೂ ಕಲಕಿ, ಎರಡು ಮೂರು ನಿಮಿಷ ಕಾದು, ಹೊಳಪು ಸ್ಥಿರವಾದ ಮೇಲೆ ಓದಬೇಕು. ಕಾಯುವಾಗ ಶಟರ್ ಮುಚ್ಚಿರಲಿ. ಎನ್‌ಬಿಡಿ ಬೆಳಕಿಗೆ ಬೇಗ ಮಾಸುವ ಅಣು, ತೆರೆದಿಟ್ಟ ಶಟರಿನಿಂದಾದ ಇಳಿಕೆಯನ್ನು ಬಂಧನವೆಂದು ವರದಿ ಮಾಡಿದವರನ್ನು ನಾನು ಕಂಡಿದ್ದೇನೆ.

ಪ್ರೋಟೀನಿನ ಸಾರತೆಯನ್ನು ಪೊಟ್ಟಣದ ಮೇಲಿನ ತೂಕದಿಂದ ಲೆಕ್ಕ ಹಾಕದೆ ಹೀರುವಿಕೆಯಿಂದಲೇ ತಿಳಿಯಬೇಕು. ಆಕ್ಸೀಕೃತ ಸೈಟೋಕ್ರೋಮ್ ಸಿಯ ಮೋಲಾರ್ ಹೀರುವಿಕೆ 528 ನ್ಯಾನೋಮೀಟರಿನಲ್ಲಿ ಸುಮಾರು 11,000. ಈ ಅಂಕಿ ಇನ್ನೊಂದು ಭರವಸೆಯನ್ನೂ ಕೊಡುತ್ತದೆ: 3 ಮೈಕ್ರೋಮೋಲಾರ್ ಪ್ರೋಟೀನಿದ್ದರೂ ಅಲ್ಲಿ ಹೀರುವಿಕೆ 0.03ರಷ್ಟೇ. ಆದರೂ ತಿದ್ದುಪಡಿ ಬಿಡಬಾರದು. ಪ್ರಚೋದಿಸುವ ಮತ್ತು ಹೊರಸೂಸುವ ಎರಡೂ ತರಂಗಾಂತರಗಳಲ್ಲಿ ಹೀರುವಿಕೆ ಅಳೆದು, ಕೂಡಿಸಿ, ಅರ್ಧ ಮಾಡಿ, ಹತ್ತನ್ನು ಆ ಘಾತಕ್ಕೆ ಏರಿಸಿ ಬಂದ ಸಂಖ್ಯೆಯಿಂದ ಓದಿದ ಹೊಳಪನ್ನು ಗುಣಿಸಬೇಕು. ಒಟ್ಟು ಹೀರುವಿಕೆ 0.1 ದಾಟಿದರೆ ತಿದ್ದುಪಡಿಯನ್ನು ನಂಬುವುದಕ್ಕಿಂತ ಸಾರತೆ ತಗ್ಗಿಸುವುದು ಜಾಣತನ.

ಸುಳ್ಳು ಸಾಕ್ಷಿಗಳನ್ನು ಹೊರಗಟ್ಟುವುದು

ನಾಲ್ಕು ತಾಳೆಪ್ರಯೋಗಗಳಿಲ್ಲದೆ ಮೇಲಿನ ಇಳಿಕೆಗೆ ಅರ್ಥವಿಲ್ಲ. ಪ್ರೋಟೀನಿನ ಬದಲು ಅಷ್ಟೇ ಪ್ರಮಾಣದ ಬಫರನ್ನು ಹನಿಹನಿಯಾಗಿ ಸೇರಿಸಿದರೆ ತೆಳುವಾಗುವಿಕೆ ಮತ್ತು ಮಾಸುವಿಕೆಯ ಪಾಲು ತಿಳಿಯುತ್ತದೆ. ಪಿಜಿ ಇಲ್ಲದ, ಬರೀ ಪಿಒಪಿಸಿ ಮತ್ತು ಎನ್‌ಬಿಡಿ-ಪಿಇ ಇರುವ ಲೈಪೋಸೋಮಿಗೆ ಸೈಟೋಕ್ರೋಮ್ ಸಿ ಹಾಕಿದರೆ ಇಳಿಕೆ ತೀರಾ ಕಡಿಮೆಯಿರಬೇಕು. ಪೂರ್ತಿ ಶೂನ್ಯವಾಗದಿದ್ದರೆ ಆಶ್ಚರ್ಯ ಬೇಡ, ಎನ್‌ಬಿಡಿ-ಪಿಇಯ ಋಣಾವೇಶದ ಮಾತನ್ನು ಮೇಲೆಯೇ ಹೇಳಿದೆ. ಹೀಮ್ ಇಲ್ಲದ, ಆದರೆ ಧನಾವೇಶವಿರುವ ಲೈಸೋಜೈಮ್ ಎಂಬ ಪ್ರೋಟೀನನ್ನು ಹಾಕಿ ನೋಡಿದರೆ ಬರೀ ಆವೇಶದಿಂದಾಗುವ ಬದಲಾವಣೆ ಎಷ್ಟೆಂದು ಬೇರ್ಪಡಿಸಬಹುದು. ಇಲ್ಲಿ ಎಚ್ಚರ ಬೇಕು: ಲೈಸೋಜೈಮ್ ಋಣಾವೇಶದ ಗುಳ್ಳೆಗಳನ್ನು ಒಂದಕ್ಕೊಂದು ಅಂಟಿಸಿ ದ್ರಾವಣವನ್ನು ಮಬ್ಬಾಗಿಸಬಲ್ಲದು, ಹೀರುವಿಕೆ ಇಲ್ಲದ ತರಂಗಾಂತರದಲ್ಲಿ ಮಬ್ಬನ್ನು ಅಳೆಯುತ್ತಿರಿ.

ನಾಲ್ಕನೆಯದೇ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಅದು ಬಿಡಿಸಿ ನೋಡುವ ಪರೀಕ್ಷೆ. ಕೊನೆಯಲ್ಲಿ ಉಪ್ಪಿನ ಗಟ್ಟಿ ದ್ರಾವಣ ಸೇರಿಸಿ ಸೋಡಿಯಂ ಕ್ಲೋರೈಡನ್ನು 0.5 ಮೋಲಾರಿಗೆ ಏರಿಸಿದಾಗ, ಆವೇಶದ ಸೆಳೆತದಿಂದ ಅಂಟಿದ್ದ ಸೈಟೋಕ್ರೋಮ್ ಸಿ ಕಳಚಿಕೊಂಡು ಹೊಳಪು ಬಹುಮಟ್ಟಿಗೆ ಮರಳಬೇಕು. ಮರಳಿದರೆ, ಇಳಿದದ್ದು ಬಣ್ಣ ಮಾಸಿದ್ದರಿಂದಲ್ಲ, ಲಿಪಿಡ್ ಕೆಟ್ಟದ್ದರಿಂದಲೂ ಅಲ್ಲ. ಉಪ್ಪು ಗುಳ್ಳೆಗಳಿಂದ ನೀರನ್ನು ಹೊರಗೆಳೆದು ಕುಗ್ಗಿಸುವುದರಿಂದ, ಪ್ರೋಟೀನಿಲ್ಲದ ಲೈಪೋಸೋಮಿಗೂ ಅಷ್ಟೇ ಉಪ್ಪು ಹಾಕಿ ಹೋಲಿಸಬೇಕು.

ಬಿಡಿಸಿ ನೋಡುವ ಪರೀಕ್ಷೆಯ ಬೆಲೆ ನನಗೆ ಅರಿವಾದದ್ದು ಬಾಗಲಕೋಟೆಯ ಒಂದು ಪ್ರಯೋಗಾಲಯದಲ್ಲಿ. ಕ್ಯಾಲ್ಸಿಯಂ ಇದ್ದಾಗ ಮಾತ್ರ ಫಾಸ್ಫಟಿಡೈಲ್‌ಸೆರೀನ್ ಪೊರೆಗೆ ಅಂಟುವ ಅನೆಕ್ಸಿನ್ ಎ5 ಎಂಬ ಪ್ರೋಟೀನು, ನಾವು ಕ್ಯಾಲ್ಸಿಯಂ ಹಾಕುವ ಮೊದಲೇ ಅಂಟಿಕೊಂಡಂತೆ ಕಾಣುತ್ತಿತ್ತು. ಎರಡು ವಾರ ಪ್ರೋಟೀನನ್ನು, ಲಿಪಿಡ್ಡನ್ನು, ಯಂತ್ರವನ್ನು ದೂರಿದೆವು. ಕೊನೆಗೆ ಕ್ಯಾಲ್ಸಿಯಮನ್ನು ಹಿಡಿದಿಟ್ಟುಕೊಳ್ಳುವ ಇಡಿಟಿಎಯನ್ನು 10 ಮಿಲಿಮೋಲಾರ್ ಹಾಕಿದೊಡನೆ ಸಂಕೇತ ಅಳಿಸಿಹೋಯಿತು, ಗುಟ್ಟು ಹೊರಬಿತ್ತು. ಕರೆಂಟು ಇಲ್ಲದ ದಿನ ಬಟ್ಟಿ ಇಳಿಸಿದ ನೀರು ಮುಗಿದಿದ್ದರಿಂದ ಕ್ಯಾನಿಗೆ ಯಾರೋ ಬೋರಿನ ನೀರು ತುಂಬಿಟ್ಟಿದ್ದರು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಲ್ಲಿ 600ರವರೆಗೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಅದು 2ರಿಂದ 6 ಮಿಲಿಮೋಲಾರ್. ಸುಣ್ಣಕಲ್ಲಿನ ನೆಲದಲ್ಲಿ ತೋಡಿದ ಬೋರಿನ ನೀರಿನಿಂದ ಬಫರ್ ಮಾಡಿದವರು ಬೇರೆ ಕ್ಯಾಲ್ಸಿಯಂ ಹಾಕಬೇಕಾದ ಅಗತ್ಯವೇ ಇರಲಿಲ್ಲ.

ರೇಖೆಯನ್ನು ಓದುವುದು

ಹೊಳಪಿನ ಇಳಿಕೆಯನ್ನು ಪ್ರೋಟೀನಿನ ಸಾರತೆಗೆ ಎದುರಾಗಿ ಗುರುತಿಸಿದಾಗ ರೇಖೆ ನೇರವಾಗಿ ಇಳಿದು, ಒಂದು ಕಡೆ ತಿರುಗಿ, ಮಟ್ಟಸವಾಗುತ್ತದೆ. ಆ ತಿರುವಿನ ಬಗ್ಗೆ ಮೊದಲೇ ಅಂದಾಜು ಹಾಕಬಹುದು. ಸೈಟೋಕ್ರೋಮ್ ಸಿಯ ವ್ಯಾಸ ಸುಮಾರು 3.4 ನ್ಯಾನೋಮೀಟರ್ ಎಂದಿಟ್ಟುಕೊಂಡರೆ ಅದು ಪೊರೆಯ ಮೇಲೆ 9 ಚದರ ನ್ಯಾನೋಮೀಟರಿನಷ್ಟು ಜಾಗ ಹಿಡಿಯುತ್ತದೆ, ಅಂದರೆ ಹದಿಮೂರು ಲಿಪಿಡ್‌ಗಳಷ್ಟು. ಹೊರಮೈಯಲ್ಲಿರುವ ಲಿಪಿಡ್ ಸುಮಾರು 27 ಮೈಕ್ರೋಮೋಲಾರ್. ಆದ್ದರಿಂದ 2 ಮೈಕ್ರೋಮೋಲಾರಿನ ಸುಮಾರಿಗೆ ಪೊರೆಯಲ್ಲಿ ಜಾಗ ತುಂಬಬೇಕು. ತಿರುವು 10 ಮೈಕ್ರೋಮೋಲಾರಿನಲ್ಲಿ ಬಂದರೆ ಲೆಕ್ಕದಲ್ಲೋ ಪ್ರೋಟೀನಿನಲ್ಲೋ ದೋಷವಿದೆ.

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಕಡಿಮೆ ಉಪ್ಪಿನಲ್ಲಿ ಬಂಧನ ಬಹಳ ಬಿಗಿಯಾಗಿರುವುದರಿಂದ ಹಾಕಿದ ಪ್ರೋಟೀನೆಲ್ಲ ಅಂಟಿಕೊಳ್ಳುತ್ತದೆ, ಸ್ವತಂತ್ರವಾಗಿ ಉಳಿಯುವುದು ಅತ್ಯಲ್ಪ. ಇಂತಹ ರೇಖೆ ಎಷ್ಟು ಜಾಗವಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಬಿಗಿ ಎಂಬುದನ್ನಲ್ಲ. ಅದಕ್ಕೆ ಸಾಧಾರಣ ಸಂತೃಪ್ತಿ ಸಮೀಕರಣವನ್ನು ಹೊಂದಿಸಿ ಬಂದ ವಿಯೋಜನ ಸ್ಥಿರಾಂಕವನ್ನು (ಬಂಧನ ಎಷ್ಟು ಬಿಗಿ ಎಂಬುದರ ಅಳತೆಯನ್ನು) ಪ್ರಬಂಧದಲ್ಲಿ ಬರೆಯುವುದು ತಪ್ಪು. ನಿಜವಾದ ಸ್ಥಿರಾಂಕ ಬೇಕಿದ್ದರೆ ಬಫರಿಗೆ 50ರಿಂದ 100 ಮಿಲಿಮೋಲಾರ್ ಉಪ್ಪು ಸೇರಿಸಿ ಬಂಧನವನ್ನು ಸಡಿಲಿಸಬೇಕು, ಸಾರತೆಗಳನ್ನು ತಗ್ಗಿಸಬೇಕು, ಅಂಟಿಕೊಂಡದ್ದರಿಂದ ಸ್ವತಂತ್ರ ಪ್ರೋಟೀನು ಕಡಿಮೆಯಾಗುವುದನ್ನು ಲೆಕ್ಕಕ್ಕೆ ಹಿಡಿಯುವ ವರ್ಗ ಸಮೀಕರಣವನ್ನೇ ಬಳಸಬೇಕು. ಲಿಪಿಡ್‌ಗಳು ಬಿಡಿಬಿಡಿ ಆಸನಗಳಲ್ಲವಾದ್ದರಿಂದ, ಆ ಸಂಖ್ಯೆಯ ಜೊತೆಗೆ ಲಿಪಿಡ್‌ಗಳ ಅನುಪಾತ, ಉಪ್ಪು, ಉಷ್ಣತೆ ಮೂರನ್ನೂ ಬರೆಯದಿದ್ದರೆ ಬೇರೆಯವರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಹೀಮ್ ಇಲ್ಲದ ಪ್ರೋಟೀನುಗಳಿಗೆ

ಪ್ರೋಟೀನಿನಲ್ಲಿ ಟ್ರಿಪ್ಟೊಫಾನ್ ಎಂಬ, ತಾನೇ ಹೊಳೆಯಬಲ್ಲ ಅಮೈನೊ ಆಮ್ಲ ಇದ್ದರೆ ದಿಕ್ಕನ್ನು ತಿರುಗಿಸಿ, ಪ್ರೋಟೀನಿನಿಂದ ಲಿಪಿಡ್‌ಗೆ ಶಕ್ತಿ ಹರಿಯುವಂತೆ ಮಾಡಬಹುದು. ಡ್ಯಾನ್ಸಿಲ್ ಎಂಬ ಹೊಳೆಯುವ ಗುಂಪನ್ನು ಹೊತ್ತ ಡ್ಯಾನ್ಸಿಲ್-ಪಿಇ ಇರುವ ಪೊರೆಯೊಂದಿಗೆ ಪ್ರೋಟೀನನ್ನು 285 ನ್ಯಾನೋಮೀಟರಿನಲ್ಲಿ ಪ್ರಚೋದಿಸಿದರೆ, ಅಂಟಿಕೊಂಡಂತೆಲ್ಲ 510ರ ಸುತ್ತ ಹೊಳಪು ಏರುತ್ತದೆ. ಇದಕ್ಕೆ ಕ್ವಾರ್ಟ್ಜ್ ಕ್ಯೂವೆಟ್ ಬೇಕು. ಡ್ಯಾನ್ಸಿಲ್ ನೇರವಾಗಿಯೂ ಆ ಬೆಳಕನ್ನು ಸ್ವಲ್ಪ ಹೀರುವುದರಿಂದ ಪ್ರೋಟೀನಿಲ್ಲದ ಪೊರೆಯ ಓದನ್ನು ಕಳೆಯಲೇಬೇಕು. 570ರಲ್ಲಿ ಚೂಪಾದ ಶಿಖರ ಕಂಡರೆ ಹೊಸದೇನೋ ಸಿಕ್ಕಿತೆಂದು ಹಿಗ್ಗಬೇಡಿ; ಅದು 285ರ ಚದುರಿದ ಬೆಳಕು ಯಂತ್ರದ ಗ್ರೇಟಿಂಗಿನಲ್ಲಿ ಎರಡನೆಯ ಕ್ರಮವಾಗಿ ಮೂಡಿದ ನೆರಳು. ಅಡ್ಡಲಾಗಿ ಒಂದು ಫಿಲ್ಟರ್ ಇಟ್ಟರೆ ಮಾಯವಾಗುತ್ತದೆ.

ಟ್ರಿಪ್ಟೊಫಾನೂ ಇಲ್ಲದಿದ್ದರೆ ಪೊರೆಯ ಮೇಲ್ಮೈಯ ಪಿಎಚ್ ಬದಲಾವಣೆಯನ್ನು ಓದುವ ಮಾರ್ಗವಿದೆ. ಆವೇಶವುಳ್ಳ ಪ್ರೋಟೀನು ಬಂದು ಕೂತಾಗ ಅಲ್ಲಿನ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಬದಲಾಗುತ್ತದೆ. 2009ರಲ್ಲಿ ಪಾಲ್ ಕ್ರೆಮರ್ ಅವರ ತಂಡ ಪಿಎಚ್‌ಗೆ ಸ್ಪಂದಿಸುವ, ಟೆಕ್ಸಾಸ್ ರೆಡ್ ಎಂಬ ಹೊಳೆಯುವ ಬಣ್ಣವನ್ನು ಹೊತ್ತ ಲಿಪಿಡ್‌ನಿಂದ ಗಾಜಿನ ಮೇಲೆ ಹಾಸಿದ ಪೊರೆಯಲ್ಲಿ ಇದನ್ನು ತೋರಿಸಿತು. ಆ ಲಿಪಿಡ್ ಎರಡು ರೂಪಗಳ ಮಿಶ್ರಣವಾಗಿ ಬರುತ್ತದೆ, ಪಿಎಚ್‌ಗೆ ಸ್ಪಂದಿಸುವ ಆರ್ಥೋ ರೂಪವನ್ನು ಬೇರ್ಪಡಿಸಿಕೊಳ್ಳಬೇಕು, ಪ್ರತಿದೀಪ್ತ ಸೂಕ್ಷ್ಮದರ್ಶಕವೂ ಬೇಕು. ಮೊದಲ ಪ್ರಯೋಗಕ್ಕೆ ನಾನು ಇದನ್ನು ಸೂಚಿಸುವುದಿಲ್ಲ.

ಕೆಲಸ ಮುಗಿದ ಮೇಲೆ ಕ್ಯೂವೆಟ್ಟನ್ನು ಮೆಥನಾಲಿನಿಂದ, ಅನಂತರ ಸೌಮ್ಯ ಮಾರ್ಜಕದಿಂದ, ಕೊನೆಗೆ ಬಟ್ಟಿ ಇಳಿಸಿದ ನೀರಿನಿಂದ ಹಲವು ಬಾರಿ ತೊಳೆಯಬೇಕು, ಏಕೆಂದರೆ ಧನಾವೇಶದ ಪ್ರೋಟೀನು ಗಾಜಿಗೂ ಅಂಟುತ್ತದೆ. ತೊಳೆದ ಮೇಲೆ ಬರೀ ಬಫರ್ ತುಂಬಿ 463ರಲ್ಲಿ ಪ್ರಚೋದಿಸಿ 530ರಲ್ಲಿ ಓದಿ, ಬೆಳಿಗ್ಗೆ ಬರೆದಿಟ್ಟ ಬಫರಿನ ಅಂಕಿಯೊಂದಿಗೆ ತಾಳೆ ನೋಡಿ. ಹೊಂದದಿದ್ದರೆ ಮತ್ತೆ ತೊಳೆಯಿರಿ.